ಉಂಡ ಮನೆಯ ಜಂತೆ

‘ಹಿಂದಿನ ಕೆಲಸ ಯಾಕೆ ಬಿಟ್ಟಿರಿ?’ ಕೆಲಸ ಹುಡುಕುತ್ತಾ ಹೋದವರಿಗೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ. ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಕೆಲಸ ಕೇಳುವವನಿಗೂ, ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಕೇಳುವವಳಿಗೂ, ರಾಜಾಜಿನಗರದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಬಯಸುವವಳಿಗೂ, ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಇಂಟರ್‌ವ್ಯೂಗೆ ಹೊರಟ ಯುವಕನಿಗೂ ಪ್ರಶ್ನೆ ಅದೇ. ಹಿಂದಿನ ಮಾಲೀಕರು ಒಳ್ಳೆಯವರಾಗಿದ್ದರೆ ಉತ್ತರ ಸುಲಭ. ಎಲ್ಲರೆದುರು ಬೈಯುವವರಾಗಿದ್ದರೆ? ಓಟಿ ಮಾಡಿಸಿಕೊಂಡು ಹಣ ಕೊಡದವರಾಗಿದ್ದರೆ? ಎದೆಯಲ್ಲಿ ಕುದಿಯುವುದನ್ನೆಲ್ಲ ಎದುರಿಗೆ ಕುಳಿತವರ ಮುಂದೆ ಸುರಿಯಬೇಕೆ? ಇಲ್ಲವೇ ‘ಬಹಳ ಒಳ್ಳೆಯ ಕಂಪನಿ ಸರ್’ ಎಂದು ಸುಳ್ಳು ಹೇಳಿ ಪಾರಾಗಬೇಕೆ?

ಬಲ್ಲವರು ಸಾಮಾನ್ಯವಾಗಿ ಒಂದು ಬುದ್ಧಿ ಹೇಳುತ್ತಾರೆ: ‘ಹಳೇ ಮಾಲೀಕರನ್ನು ಬೈಯಬೇಡ. ನಾಳೆ ನಮ್ಮನ್ನೂ ಹೀಗೇ ಬೈಯುತ್ತಾನೆ ಅಂದುಕೊಳ್ಳುತ್ತಾರೆ.’ ಈ ಮಾತು ನಿಜವೇ. ಆದರೆ ಇದು ಲಾಭ ನಷ್ಟದ ಲೆಕ್ಕ. ಕೆಲಸ ಸಿಗುವುದೋ ಬಿಡುವುದೋ, ಆ ಕುರ್ಚಿಯಲ್ಲಿ ಕುಳಿತು ಏನು ಹೇಳುವುದು ನ್ಯಾಯ ಎಂಬ ಪ್ರಶ್ನೆ ಬೇರೆಯೇ ಇದೆ.

‘ಉಂಡ ಮನೆಯ ಜಂತೆ ಎಣಿಸಬಾರದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಒಳ್ಳೆಯ ಗಾದೆ. ಆದರೆ ಅದು ಅತಿಥಿಗೆ ಹೇಳಿದ ಮಾತು ಎಂಬುದನ್ನು ಮರೆಯಬಾರದು. ಕಾರ್ಮಿಕ ಅತಿಥಿಯಲ್ಲ. ಅವನು ಉಂಡದ್ದು ಬೆವರು ಸುರಿಸಿ ಸಂಪಾದಿಸಿದ ಅನ್ನ. ಸಂಬಳ ದಾನವಲ್ಲ, ಅದು ನ್ಯಾಯದ ಬಾಕಿ. ಪೋಪ್ ಹದಿಮೂರನೇ ಲಿಯೋರವರು 1891ರ ತಮ್ಮ ವಿಶ್ವಪತ್ರದಲ್ಲಿ, ದುಡಿದವನ ಕೂಲಿಯನ್ನು ವಂಚಿಸುವುದು ಸ್ವರ್ಗಕ್ಕೆ ಮೊರೆಯಿಡುವ ಪಾಪವೆಂದು ಎಚ್ಚರಿಸಿದರು. ಆದುದರಿಂದ ‘ಅನ್ನ ಹಾಕಿದವರು, ಸುಮ್ಮನಿರು’ ಎಂದು ನೊಂದವರ ಬಾಯಿ ಮುಚ್ಚಿಸುವುದಕ್ಕೆ ಈ ಗಾದೆಯನ್ನು ಬಳಸುವಂತಿಲ್ಲ.

ಹಾಗಾದರೆ ಸತ್ಯವಾದದ್ದನ್ನೆಲ್ಲ ಎಲ್ಲರಿಗೂ ಹೇಳಬಹುದೇ? ಅದೂ ಇಲ್ಲ. ಸುಳ್ಳು ಆರೋಪ ಹೊರಿಸುವುದು ಪಾಪವೆಂದು ನಾವೆಲ್ಲರೂ ಬಲ್ಲೆವು. ಒಬ್ಬರಲ್ಲಿ ನಿಜವಾಗಿಯೂ ಇರುವ ದೋಷವನ್ನು ತಕ್ಕ ಕಾರಣವಿಲ್ಲದೆ, ಅದನ್ನು ತಿಳಿಯದವರ ಮುಂದೆ ಬಯಲು ಮಾಡುವುದೂ ಎಂಟನೆಯ ಕಟ್ಟಳೆಗೆ ವಿರುದ್ಧವೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಸಂತ ತೋಮಾಸ್ ಅಕ್ವಿನಾಸರು ಬೆನ್ನ ಹಿಂದಿನ ನಿಂದೆಯನ್ನು ಕಳ್ಳತನಕ್ಕಿಂತ ದೊಡ್ಡ ಪಾಪವೆಂದು ಎಣಿಸಿದರು. ಹಣಕ್ಕಿಂತ ಹೆಸರು ದೊಡ್ಡದು ಎಂಬುದು ಅವರ ಕಾರಣ. ಆದರೆ ಅಗತ್ಯವಾದ ಒಂದು ಒಳಿತಿಗಾಗಿ, ತಕ್ಕ ರೀತಿಯಲ್ಲಿ ಹೇಳಿದರೆ ಅದು ನಿಂದೆಯೇ ಅಲ್ಲವೆಂದೂ ಅವರೇ ಹೇಳಿದ್ದಾರೆ.

ನಮ್ಮ ದೇಶದ ಕಾನೂನೂ ಈ ವಿಚಾರದಲ್ಲಿ ಹೆಚ್ಚು ದೂರ ನಿಂತಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಮು, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು, ಎರಡೂ ಮಾನನಷ್ಟದ ಬಗ್ಗೆ ಒಂದೇ ಮಾತು ಹೇಳುತ್ತವೆ. ಮೊದಲನೆಯ ವಿನಾಯಿತಿ ಸಿಗಬೇಕಾದರೆ ಹೇಳಿದ್ದು ಸತ್ಯವಾಗಿದ್ದರೆ ಸಾಲದು, ಅದನ್ನು ಹೇಳುವುದರಿಂದ ಸಾರ್ವಜನಿಕ ಹಿತವೂ ಆಗಬೇಕು. ಅಧಿಕಾರವುಳ್ಳವರಿಗೆ ಸದ್ಭಾವದಿಂದ ದೂರು ಕೊಡುವುದಕ್ಕೂ, ಕೇಳುವವರ ಹಿತಕ್ಕಾಗಿ ಎಚ್ಚರಿಕೆ ಹೇಳುವುದಕ್ಕೂ ಪ್ರತ್ಯೇಕ ವಿನಾಯಿತಿಗಳಿವೆ. ಅಂದರೆ ಮಾತು ನಿಜವೇ ಎಂದು ಮಾತ್ರವಲ್ಲ, ಯಾರಿಗೆ ಹೇಳಿದೆ, ಯಾವುದಕ್ಕಾಗಿ ಹೇಳಿದೆ ಎಂದೂ ಕೇಳಬೇಕಾಗುತ್ತದೆ.

ಇದನ್ನು ಇಂಟರ್‌ವ್ಯೂಗೆ ಅನ್ವಯಿಸಿ ನೋಡಿ. ಎದುರಿಗೆ ಕುಳಿತವರಿಗೆ ನಿಮ್ಮ ಬಗ್ಗೆ ಸತ್ಯ ತಿಳಿಯುವ ಹಕ್ಕಿದೆ: ನಿಮಗೆ ಯಾವ ಕೆಲಸ ಬರುತ್ತದೆ, ಎಷ್ಟು ವರ್ಷ ಮಾಡಿದ್ದೀರಿ, ನಿಮ್ಮ ತಪ್ಪಿಗಾಗಿ ಕೆಲಸದಿಂದ ತೆಗೆದರೇ ಎಂದು. ಇದರಲ್ಲಿ ಸುಳ್ಳು ಕೂಡದು. ಹಿಂದಿನ ಕೆಲಸವನ್ನೇ ಬಯೋಡೇಟಾದಿಂದ ಅಳಿಸಿ ‘ಮನೆಯಲ್ಲಿದ್ದೆ’ ಎನ್ನುವವರಿದ್ದಾರೆ. 2014ರಲ್ಲಿ ಪಿ.ಎಫ್. ಸದಸ್ಯರಿಗೆ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಬಂದ ಮೇಲೆ, ಪಿ.ಎಫ್. ಕಟ್ಟಿದ ಕೆಲಸಗಳು ಅದರೊಡನೆಯೇ ಸೇರಿಕೊಂಡು ಬರುತ್ತವೆ. ಸಿಕ್ಕಿಬೀಳುವ ಭಯ ಇಲ್ಲದಿದ್ದರೂ ಸುಳ್ಳು ಸುಳ್ಳೇ. ಅರ್ಧ ವಾಕ್ಯವನ್ನು ಮನಸ್ಸಿನಲ್ಲೇ ನುಂಗಿಕೊಂಡು ಕೇಳುವವರನ್ನು ಮೋಸಗೊಳಿಸುವ ಜಾಣತನವನ್ನು ಪೋಪ್ ಹನ್ನೊಂದನೇ ಇನ್ನೊಸೆಂಟರು 1679ರಲ್ಲಿಯೇ ಖಂಡಿಸಿದ್ದಾರೆ.

ಆದರೆ ನಿಮ್ಮ ಹಳೆಯ ಮಾಲೀಕರ ಗುಣದೋಷಗಳ ಪಟ್ಟಿ ಕೇಳುವ ಹಕ್ಕು ಅವರಿಗಿಲ್ಲ, ಅದನ್ನು ಒಪ್ಪಿಸುವ ಕರ್ತವ್ಯ ನಿಮಗೂ ಇಲ್ಲ. ಇಲ್ಲಿ ಒಂದು ಸರಳ ಅಳತೆಗೋಲು ಇಟ್ಟುಕೊಳ್ಳಬಹುದು. ನಿಮಗೆ ಆದದ್ದನ್ನು ಹೇಳಿ, ಅವರ ಮೇಲೆ ತೀರ್ಪು ಕೊಡಬೇಡಿ. ‘ಕೊನೆಯ ಮೂರು ತಿಂಗಳು ಸಂಬಳ ಸರಿಯಾಗಿ ಬರಲಿಲ್ಲ, ಮನೆ ಬಾಡಿಗೆಗೆ ಕಷ್ಟವಾಯಿತು’ ಎಂಬುದು ಕೆಲಸ ಬಿಟ್ಟ ನಿಜವಾದ ಕಾರಣ. ಹೇಳುವುದರಲ್ಲಿ ತಪ್ಪಿಲ್ಲ. ‘ಮಾಲೀಕ ಕಳ್ಳ, ನಮ್ಮ ಸಂಬಳದ ದುಡ್ಡಲ್ಲಿ ಸೈಟ್ ತಗೊಂಡ’ ಎಂಬುದು ತೀರ್ಪು. ಅದರಲ್ಲಿ ಅರ್ಧ ನೀವು ಕಂಡದ್ದಲ್ಲ, ಕ್ಯಾಂಟೀನಿನಲ್ಲಿ ಕೇಳಿದ್ದು. ‘ಅಲ್ಲಿಯ ವಾತಾವರಣ ನನಗೆ ಹೊಂದಲಿಲ್ಲ. ಆದರೆ ಕೆಲಸ ಚೆನ್ನಾಗಿ ಕಲಿತೆ’ ಎಂಬಷ್ಟೇ ನಿಜವಾದರೆ ಅಷ್ಟಕ್ಕೇ ನಿಲ್ಲಿಸಿ. ಇನ್ನೂ ಕೆದಕಿದರೆ ‘ಅದನ್ನು ಹೇಳುವುದು ಬೇಡ ಸರ್’ ಎಂದು ವಿನಯದಿಂದಲೇ ಹೇಳಬಹುದು.

ಆದಿಕಾಂಡದಲ್ಲಿ ಯಕೋಬನ ಕಥೆ ನಿಮಗೆ ಗೊತ್ತು. ಅವನು ಸೋದರಮಾವ ಲಾಬಾನನ ಬಳಿ ಇಪ್ಪತ್ತು ವರ್ಷ ದುಡಿದ. ರಾಖೇಲಳಿಗಾಗಿ ಏಳು ವರ್ಷ ಗೇಯ್ದವನಿಗೆ ಲೇಯಳನ್ನು ಕೊಟ್ಟು ಮೋಸ ಮಾಡಲಾಯಿತು, ಕೂಲಿಯನ್ನು ಮತ್ತೆ ಮತ್ತೆ ಬದಲಾಯಿಸಲಾಯಿತು. ಯಕೋಬನೇನೂ ಕಳಂಕವಿಲ್ಲದವನಲ್ಲ, ಹೇಳದೆ ಕೇಳದೆ ಹೊರಟುಬಂದ. ಆದರೂ ಅವನು ತನ್ನ ಸಂಕಟವನ್ನು ಯಾರಿಗೆ ಹೇಗೆ ಹೇಳಿದನೆಂದು ಗಮನಿಸಿ. ಮೊದಲು ಹೆಂಡತಿಯರನ್ನು ಹೊಲಕ್ಕೆ ಕರೆಸಿ ಹೇಳಿಕೊಂಡ. ಗಿಲ್ಯಾದಿನ ಬೆಟ್ಟದಲ್ಲಿ ಲಾಬಾನನು ಬೆನ್ನಟ್ಟಿ ಬಂದಾಗ, ಹಗಲಿನ ಬಿಸಿಲು, ರಾತ್ರಿಯ ಚಳಿ, ಬದಲಾದ ಕೂಲಿ ಎಲ್ಲವನ್ನೂ ಅವನ ಮುಖಕ್ಕೇ ಹೇಳಿ, ಎರಡೂ ಕಡೆಯ ಬಂಧುಗಳನ್ನು ನ್ಯಾಯ ತೀರಿಸಲು ಕರೆದ. ಅನಂತರ, ಯಾರ ದಯೆಯನ್ನು ಬೇಡಬೇಕಾಗಿತ್ತೋ ಆ ಅಣ್ಣ ಏಸಾವನಿಗೆ ಹೇಳಿಕಳುಹಿಸುವಾಗ, ಇಷ್ಟು ದಿನ ಲಾಬಾನನ ಬಳಿ ಇದ್ದೆ ಎಂದಷ್ಟೇ ತಿಳಿಸಿದ. ಇಪ್ಪತ್ತು ವರ್ಷದ ಕಹಿ ಒಂದೇ ಸಾಲಿನಲ್ಲಿ ಮುಗಿಯಿತು.

ನಾವು ಮಾಡುವುದು ಬಹುಪಾಲು ಇದಕ್ಕೆ ತಲೆಕೆಳಗು. ಅಪರಿಚಿತರ ಮುಂದೆ, ಬಸ್ ನಿಲ್ದಾಣದಲ್ಲಿ, ಟೀ ಅಂಗಡಿಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಹಳೆಯ ಬಾಸ್‌ನ ಮಾನ ಕಳೆಯುತ್ತೇವೆ. ಹೇಳಬೇಕಾದ ಜಾಗದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಬಾಕಿ ಸಂಬಳಕ್ಕಾಗಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಮೆಟ್ಟಿಲು ಹತ್ತಲು ‘ಯಾಕೆ ಬೇಕು ಗಲಾಟೆ’ ಎನ್ನುತ್ತೇವೆ. ಮೇಲ್ವಿಚಾರಕನ ಅಸಭ್ಯ ವರ್ತನೆಯಿಂದ ಕೆಲಸ ಬಿಟ್ಟ ಮಗಳಿಗೆ ‘ಹೊರಗೆ ಹೇಳಬೇಡ, ಮದುವೆಯಾಗಬೇಕಾದವಳು’ ಎನ್ನುತ್ತೇವೆ. 2013ರ ಕಾನೂನಿನ ಪ್ರಕಾರ, 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ದೂರು ಸಮಿತಿ ಇರಬೇಕು. ಚಿಕ್ಕ ಸಂಸ್ಥೆಗಳವರಿಗೆ, ಮಾಲೀಕರ ಮೇಲೆಯೇ ದೂರು ಇರುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಸಾಮಾನ್ಯವಾಗಿ 3 ತಿಂಗಳೊಳಗೆ ದೂರು ಕೊಡಬೇಕು. ಇಂಟರ್‌ವ್ಯೂನಲ್ಲಿ ಆಕೆ ‘ವೈಯಕ್ತಿಕ ಕಾರಣ’ ಎಂದರೆ ಅದು ಸುಳ್ಳಲ್ಲ. ಆದರೆ ಮನೆಯವರು ಆ ಎರಡು ಪದಗಳಲ್ಲೇ ಎಲ್ಲವನ್ನೂ ಹೂತುಬಿಟ್ಟರೆ ಅದು ಸಹನೆಯಲ್ಲ, ಅನ್ಯಾಯಕ್ಕೆ ಕೊಟ್ಟ ಆಸರೆ.

ಇನ್ನೊಂದು ಸಂದರ್ಭವಿದೆ. ಭಾನುವಾರ ಪೂಜೆ ಮುಗಿದ ಮೇಲೆ ಪರಿಚಯದವರೊಬ್ಬರು, ‘ನನ್ನ ತಂಗಿಗೆ ಅದೇ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಸೇರಬಹುದಾ?’ ಎಂದು ಕೇಳುತ್ತಾರೆ. ಆಗ ಜಂತೆ ಎಣಿಸಬಾರದೆಂದು ಸುಮ್ಮನಿರಬೇಕೆ? ಜಂತೆಗೆ ಗೆದ್ದಲು ಹಿಡಿದದ್ದನ್ನು ಕಣ್ಣಾರೆ ಕಂಡವರು, ಅದರ ಕೆಳಗೆ ಮಲಗಲು ಹೊರಟವರಿಗೆ ಹೇಳಲೇಬೇಕು. ಕಂಡದ್ದನ್ನು ಮಾತ್ರ, ಬೇಕಾದಷ್ಟನ್ನು ಮಾತ್ರ, ಕೇಳಿದವರಿಗೆ ಮಾತ್ರ ಹೇಳಿ.

ನಮ್ಮ ಓದುಗರಲ್ಲಿ ಕೆಲಸ ಕೊಡುವವರೂ ಇದ್ದೀರಿ. ಹೊಸಬರನ್ನು ಕೂರಿಸಿಕೊಂಡು ಹಳೆಯ ಮಾಲೀಕರ ಹುಳುಕು ಕೆದಕಬೇಡಿ. ಅವರ ಮೌನವನ್ನು ಅನುಮಾನಿಸಲೂ ಬೇಡಿ, ನಿಮ್ಮ ಬಗ್ಗೆಯೂ ಮುಂದೆ ಅವರು ಅಷ್ಟೇ ಮರ್ಯಾದೆಯಿಂದ ನಡೆದುಕೊಂಡಾರು.

ಈ ವಾರ ನಿಮ್ಮ ಮನೆಯಲ್ಲಿ ಯಾರಾದರೂ ಇಂಟರ್‌ವ್ಯೂಗೆ ಹೊರಟಿದ್ದರೆ ಹಿಂದಿನ ಸಂಜೆ ಅವರೊಡನೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಒಳಗಿರುವ ಸಿಟ್ಟನ್ನೆಲ್ಲ ಅವರು ನಿಮ್ಮ ಮುಂದೆ ಹೇಳಿಕೊಳ್ಳಲಿ, ನಡುವೆ ಬುದ್ಧಿ ಹೇಳದೆ ಕೇಳಿ. ಅದರಲ್ಲಿ ಕಾರ್ಮಿಕ ಇಲಾಖೆಗೋ ಸಮಿತಿಗೋ ಹೋಗಬೇಕಾದ ಮಾತಿದ್ದರೆ ಜೊತೆಗೆ ಹೋಗಲು ದಿನ ಗೊತ್ತುಮಾಡಿ. ಆಮೇಲೆ, ಮರುದಿನ ಹೇಳಬೇಕಾದ ಆ ಒಂದೆರಡು ನಿಜವಾದ ವಾಕ್ಯಗಳನ್ನು ಇಬ್ಬರೂ ಸೇರಿ ಯೋಚಿಸಿ.