ಆಟದ ಕತ್ತಿ, ವ್ಯಾಪಾರದ ನಾಲಿಗೆ

ಯುವಕರ ಬಗ್ಗೆ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಆಗಾಗ ಕೇಳಿಬರುತ್ತವೆ. 'ಹುಡುಗ ಹೊತ್ತುಹೊತ್ತಿಗೂ ಕತ್ತಿ ಕಾಳಗದ ವಿಡಿಯೋ ಗೇಮ್ ಹುಡುಕುತ್ತಾ ಕೂರುತ್ತಾನೆ' ಎಂಬುದು ದೂರು. 'ಬಿಡುವಿನಲ್ಲಿ ಇನ್ಶೂರೆನ್ಸ್ ಏಜೆನ್ಸಿಯನ್ನಾದರೂ ಮಾಡಬಾರದೇ?' ಎಂಬುದು ಸಲಹೆ. ಮೊದಲನೆಯದು ಹಾಳು, ಎರಡನೆಯದು ಬಾಳು ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿದ್ದೇವೆ. ಆದರೆ ಹಣ ತರುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಕೆಲಸ ಒಳಿತಾಗುತ್ತದೆಯೇ?

ಕತ್ತಿಯ ಆಟಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದುದು 1989ರಲ್ಲಿ ಅಮೆರಿಕದ ಜೋರ್ಡನ್ ಮೆಕ್ನರ್ ರೂಪಿಸಿದ 'ಪ್ರಿನ್ಸ್ ಆಫ್ ಪರ್ಷಿಯಾ'. 60 ನಿಮಿಷಗಳೊಳಗೆ ರಾಜಕುಮಾರಿಯನ್ನು ಬಿಡಿಸಬೇಕಾದ ನಾಯಕ ಬರಿಗೈಯಲ್ಲಿ ಸೆರೆಮನೆಯಿಂದ ಹೊರಡುತ್ತಾನೆ. ಕತ್ತಿಯನ್ನು ಅವನೇ ಹುಡುಕಿಕೊಳ್ಳಬೇಕು. ಕೊನೆಯ ಹಂತದಲ್ಲಿ ಅವನದೇ ನೆರಳು ಎದುರಾಗುತ್ತದೆ. ನೆರಳಿಗೆ ಹೊಡೆದ ಪ್ರತಿ ಏಟೂ ಅವನಿಗೇ ತಾಗುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿದರೆ ಮಾತ್ರ ದಾರಿ ತೆರೆಯುತ್ತದೆ. ಕುಸ್ತಿಯಲ್ಲಿ ಗೆದ್ದವನಲ್ಲ, ಕೋಪ ಬಂದಾಗ ತನ್ನನ್ನು ತಾನು ಹಿಡಿದಿಟ್ಟುಕೊಂಡವನೇ ಬಲಶಾಲಿ ಎಂಬ ಪ್ರವಾದಿ(ಸ)ರ ಬೋಧನೆ ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಎಲ್ಲ ಆಟಗಳೂ ಹೀಗಿಲ್ಲ. ರಕ್ತ ಚಿಮ್ಮಿಸುವುದನ್ನೇ ರಂಜನೆಯಾಗಿಸಿದ ಆಟಗಳೂ ಇವೆ. ನಮಾಝಿನ ಹೊತ್ತನ್ನು, ತಾಯಿಯ ಕರೆಯನ್ನು ಮರೆಸುವ ಆಟ ಹಾನಿಯೇ. ಆದರೆ ಆ ಹಾನಿ ಬಹುಮಟ್ಟಿಗೆ ಆಡುವವನಿಗೂ ಅವನ ಮನೆಗೂ ಸೀಮಿತ. ಅಲ್ಲಿ ಸತ್ತವನು ಮರುಕ್ಷಣವೇ ಎದ್ದು ನಿಲ್ಲುತ್ತಾನೆ.

ವಿಮೆಯ ವ್ಯಾಪಾರದಲ್ಲಿ ಸಾವು ಆಟವಲ್ಲ. ಬಡ್ಡಿ, ಅನಿಶ್ಚಿತತೆ ಮತ್ತು ಜೂಜಿನ ಅಂಶಗಳ ಕಾರಣಕ್ಕೆ ವಾಣಿಜ್ಯ ವಿಮೆಯ ಬಗ್ಗೆ ಉಲಮಾಗಳಲ್ಲಿ ದೀರ್ಘ ಚರ್ಚೆ ನಡೆದಿದೆ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಅದನ್ನು ನಿಷಿದ್ಧವೆಂದು ನಿರ್ಣಯಿಸಿ ಪರಸ್ಪರ ಸಹಕಾರದ ವಿಮೆಯನ್ನು ಪರ್ಯಾಯವಾಗಿ ಸೂಚಿಸಿತು. ಭಿನ್ನಾಭಿಪ್ರಾಯ ಉಳ್ಳವರೂ ಇದ್ದಾರೆ. ನಮ್ಮ ದೇಶದಲ್ಲಿ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಕಾನೂನಿನಂತೆ ಕಡ್ಡಾಯ. ಆದ್ದರಿಂದ ಏಜೆನ್ಸಿ ಹಿಡಿಯುವ ಮುನ್ನ ನಂಬಿಕೆಯುಳ್ಳ ಆಲಿಮರನ್ನು ಕೇಳುವುದು ಮೊದಲ ಕರ್ತವ್ಯ. ಇದನ್ನು 'ಪಾರ್ಟ್ ಟೈಮ್ ತಾನೇ' ಎಂದು ತೇಲಿಸಿಬಿಡಲಾಗದು. ಅರ್ಧ ದಿನದ ದುಡಿಮೆಗೂ ಪೂರ್ತಿ ಲೆಕ್ಕ ಕೊಡಬೇಕಾಗುತ್ತದೆ.

ಆ ಪ್ರಶ್ನೆ ಬಗೆಹರಿದ ಬಳಿಕವೂ ಇನ್ನೊಂದು ಉಳಿಯುತ್ತದೆ. ಹೊಸ ಏಜೆಂಟನ ಮೊದಲ ಗಿರಾಕಿಗಳು ಯಾರು? ಮಾವ, ಚಿಕ್ಕಪ್ಪ, ನೆರೆಯವರು, ಮಸೀದಿಯಲ್ಲಿ ಪಕ್ಕದ ಸಾಲಿನಲ್ಲಿ ನಿಲ್ಲುವವರು. ಅವರು ಪಾಲಿಸಿಯ ಷರತ್ತು ಓದಿ ಸಹಿ ಹಾಕುವುದಿಲ್ಲ, ಹುಡುಗನ ಮುಖ ನೋಡಿ ಹಾಕುತ್ತಾರೆ. ಜೀವವಿಮೆಯಲ್ಲಿ ಮೊದಲ ವರ್ಷದ ಕಮಿಷನ್ನೇ ಸಾಮಾನ್ಯವಾಗಿ ದೊಡ್ಡದು. ಕೂಲಿ ಮಾಡುವವನಿಗೆ ಕಟ್ಟಲಾಗದ ಕಂತಿನ ಪಾಲಿಸಿ ಮಾರಿದರೂ ಏಜೆಂಟನಿಗೆ ಅವನ ಪಾಲು ಬರುತ್ತದೆ. ಕಂತು ನಿಂತಾಗ ನಷ್ಟ ಕೂಲಿಯವನದು. 2024ರ ಅಕ್ಟೋಬರ್‌ನಿಂದ ಬೇಗ ಬಿಟ್ಟವರಿಗೂ ಮೊದಲಿಗಿಂತ ಹೆಚ್ಚು ಹಣ ಮರಳುವಂತೆ ನಿಯಮ ಬದಲಾಗಿದೆ. ಆದರೂ ನಷ್ಟ ತಪ್ಪದು.

ಇದಕ್ಕಿಂತ ಘೋರವಾದುದು ಇನ್ನೊಂದಿದೆ. 'ಸಕ್ಕರೆ ಕಾಯಿಲೆ ಬರೆಯುವುದು ಬೇಡ, ಏನೂ ಆಗುವುದಿಲ್ಲ' ಎಂಬ ಒಂದು ಮಾತು. ಮೂರು ವರ್ಷದೊಳಗೆ ಆತ ತೀರಿಕೊಂಡರೆ, ಮುಚ್ಚಿಟ್ಟ ಕಾಯಿಲೆಯ ನೆಪದಲ್ಲಿ ಕಂಪೆನಿ ಹಣ ನಿರಾಕರಿಸಬಹುದು. ಆಗ ಬಾಗಿಲಲ್ಲಿ ನಿಲ್ಲುವವಳು ವಿಧವೆ. ಆಟದ ಕತ್ತಿ ಯಾರನ್ನೂ ಕೊಲ್ಲಲಿಲ್ಲ. ಇಲ್ಲಿ ನಾಲಿಗೆ ಒಂದು ಮನೆಯನ್ನೇ ಕಡಿದುಹಾಕಿತು.

ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ತೇವವನ್ನು ಕಂಡ ಪ್ರವಾದಿ(ಸ)ರು, ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ವಿಮೆ ಮಾರುವವನಿಗೂ ಇದೇ ಪ್ರಶ್ನೆ. ಕಂತು ನಿಂತರೆ ಏನಾಗುತ್ತದೆ, ಏನನ್ನು ಮುಚ್ಚಿಡಬಾರದು, ಇಷ್ಟವಾಗದಿದ್ದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು ಎಂಬುದನ್ನೆಲ್ಲ ಅವನು ಮೊದಲೇ ಹೇಳುತ್ತಾನೆಯೇ? 'ನಿಮಗೆ ಇದು ಬೇಡ' ಎಂದು ಹೇಳಿ ಎದ್ದು ಬರುವ ಧೈರ್ಯ ಅವನಿಗಿದೆಯೇ?

ಆದ್ದರಿಂದ ಹಿರಿಯರಾದ ನಾವು ಮಗನನ್ನು ಕೇಳಬೇಕಾದುದು 'ಆಟ ಬಿಟ್ಟೆಯಾ, ಕೆಲಸ ಹಿಡಿದೆಯಾ' ಎಂದಷ್ಟೇ ಅಲ್ಲ. ಆಟದಲ್ಲಿ ನಿನ್ನ ಹೊತ್ತು ಎಷ್ಟು ಹೋಯಿತು, ಕೆಲಸದಲ್ಲಿ ಪರರದ್ದು ಎಷ್ಟು ಹೋಯಿತು ಎಂದೂ ಕೇಳಬೇಕು. ಸಂಬಳ ತಂದ ದಿನ ಈ ಎರಡನೆಯ ಪ್ರಶ್ನೆಯನ್ನು ಕೇಳುವ ಮನೆಗಳು ನಮ್ಮಲ್ಲಿ ಹೆಚ್ಚಾಗಲಿ.