ಮೊದಲು ಕೇಳಬಾರದ ಪ್ರಶ್ನೆ

ಹನ್ನೆರಡು ವರ್ಷಗಳ ಹಿಂದಿನ ಮಾತು. ರಾತ್ರಿ ಹತ್ತೂವರೆಯ ಹೊತ್ತಿಗೆ ನಮ್ಮ ಬೀದಿಯ ದಿನಸಿ ಅಂಗಡಿಯವರು ಬಂದು ಬಾಗಿಲು ಬಡಿದರು. ಅವರ ಮಗ ಪಕ್ಕದ ಪಟ್ಟಣದಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದ. ಹಾಸ್ಟೆಲ್ ಹುಡುಗರ ನಡುವೆ ಹೊಡೆದಾಟವಾಗಿ ಒಬ್ಬನ ತಲೆಗೆ ಪೆಟ್ಟು ಬಿದ್ದಿತ್ತು. ಪೊಲೀಸರು ಬರುತ್ತಿದ್ದಾರೆಂದು ಮಗನೇ ಮನೆಗೆ ಫೋನ್ ಮಾಡಿದ್ದ. "ಸರ್, ನೀವೂ ಬನ್ನಿ, ನನಗೆ ಠಾಣೆಯಲ್ಲಿ ಮಾತಾಡಿ ಗೊತ್ತಿಲ್ಲ" ಎಂದರು. ನನಗೂ ಗೊತ್ತಿರಲಿಲ್ಲ. ಆದರೆ ಕಾಲೇಜಿನಲ್ಲಿ ಪಾಠ ಹೇಳಿದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಊರಲ್ಲಿ ಇನ್ನೂ ಉಳಿದಿದೆ.

ಆಟೋದಲ್ಲಿ ಅವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. "ಫೋನಿನಲ್ಲೇ ಕೇಳಿದೆ ಸರ್. ಸತ್ಯ ಹೇಳು, ನೀನು ಹೊಡೆದೆಯಾ ಅಂತ. ಒಂದೇಟು ಹೊಡೆದೆ ಅಪ್ಪಾ ಅಂದ. ಸುಳ್ಳು ಹೇಳಲಿಲ್ಲವಲ್ಲ, ಅದೇ ಸಮಾಧಾನ." ನಾನೂ ತಲೆಯಾಡಿಸಿದೆ. ಠಾಣೆಯಲ್ಲಿ ಅವರು ಕೈಮುಗಿದು ಅದೇ ಮಾತನ್ನು ಸಬ್ ಇನ್‌ಸ್ಪೆಕ್ಟರ್ ಅವರಿಗೂ ಹೇಳಿದರು. ಮಗನ ಕಡೆ ತಿರುಗಿ, "ಸಾಹೇಬರು ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿಬಿಡು, ಎಲ್ಲಿ ಹೇಳುತ್ತಾರೋ ಅಲ್ಲಿ ಸಹಿ ಹಾಕು" ಎಂದರು. ಆ ಅಧಿಕಾರಿ ಒರಟು ಮನುಷ್ಯನೇನೂ ಆಗಿರಲಿಲ್ಲ. ನಮಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು, ಎಲ್ಲವನ್ನೂ ಬರೆದುಕೊಂಡರು. ಕೆಲವು ತಿಂಗಳ ನಂತರ ಆರೋಪ ಪಟ್ಟಿ ಕೈಗೆ ಬಂದಾಗ ಸಾಕ್ಷಿಗಳ ಪಟ್ಟಿಯಲ್ಲಿ ಒಂದು ಹೆಸರು ಆ ತಂದೆಯದ್ದೇ ಆಗಿತ್ತು. ಮಗನ ವಿರುದ್ಧ ತಂದೆ ಸಾಕ್ಷಿ.

ಆ ರಾತ್ರಿ ನಾನು ಏನು ಹೇಳಬೇಕಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಮಕ್ಕಳಿಗೆ ನಾವು ಕಲಿಸುವ ಮೊದಲ ಪಾಠವೇ ಸತ್ಯ. ಪುಣ್ಯಕೋಟಿಯ ಹಾಡು ಕೇಳಿ ಕಣ್ಣೀರು ಹಾಕದೆ ಬೆಳೆದ ಕನ್ನಡದ ಮಗುವಿಲ್ಲ. ನಿಜ ಹೇಳಿದವರ ಮುಂದೆ ಹುಲಿಯೂ ಕರಗುತ್ತದೆ ಎಂದು ನಂಬಿಸಿಯೇ ನಾವು ಅವರನ್ನು ಕಾಲೇಜಿಗೆ ಕಳುಹಿಸುತ್ತೇವೆ. ಆದರೆ ಸತ್ಯ ಹೇಳುವುದು ಬೇರೆ, ಕೇಳಿದವರಿಗೆಲ್ಲ ಕೇಳಿದ ಕೂಡಲೇ ಎಲ್ಲವನ್ನೂ ಹೇಳುವುದು ಬೇರೆ ಎಂಬ ಎರಡನೇ ಪಾಠವನ್ನು ನಾವು ಕಲಿಸುವುದೇ ಇಲ್ಲ. ನಮಗೇ ಅದು ಗೊತ್ತಿರುವುದಿಲ್ಲ.

ಮೌನ ಸುಳ್ಳಲ್ಲ. ಇದು ಕಳ್ಳರಿಗೆ ವಕೀಲರು ಹೇಳಿಕೊಡುವ ಉಪಾಯವೂ ಅಲ್ಲ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲವಂತಪಡಿಸಬಾರದು ಎಂದು ನಮ್ಮ ಸಂವಿಧಾನದ 20(3)ನೆಯ ವಿಧಿ ಹೇಳುತ್ತದೆ. ಒಡಿಶಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪತಿಯವರ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಈ ರಕ್ಷಣೆ ನ್ಯಾಯಾಲಯದಲ್ಲಷ್ಟೇ ಅಲ್ಲ, ಪೊಲೀಸ್ ವಿಚಾರಣೆಯ ಹಂತದಲ್ಲೂ ಇದೆ ಎಂದಿತು. ಹೆಸರು, ವಿಳಾಸ ಹೇಳಲೇಬೇಕು. ಅದಕ್ಕೆ ಸುಳ್ಳು ಹೇಳಬಾರದು. ತನ್ನನ್ನೇ ಅಪರಾಧಕ್ಕೆ ಸಿಕ್ಕಿಸುವ ಪ್ರಶ್ನೆಗೆ ಮಾತ್ರ, "ವಕೀಲರ ಜೊತೆ ಮಾತಾಡಿ ಹೇಳುತ್ತೇನೆ" ಎಂದು ವಿನಯದಿಂದ ಹೇಳಬಹುದು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಮಾನ್ಯವಾಗಿ ಸಾಕ್ಷ್ಯವಾಗದು. ಆದರೆ ಆ ಹೇಳಿಕೆಯಿಂದ ಒಂದು ದೊಣ್ಣೆಯೋ ಮೊಬೈಲೋ ಪತ್ತೆಯಾದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಹಾಗಾಗಿ "ಠಾಣೆಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ" ಎಂಬ ಕಟ್ಟೆ ಪಂಚಾಯಿತಿಯ ಧೈರ್ಯವನ್ನೂ ನಂಬಬೇಡಿ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಕಾನೂನು ಯಾಕೆ ನಂಬುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1994ರ ಜನವರಿಯಲ್ಲಿ ಗುಲ್ಬರ್ಗಾದ ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದೊಯ್ದರು. ಹುಡುಗನಿಗೆ ಇಪ್ಪತ್ತರ ಆಸುಪಾಸು. 1993ರ ಡಿಸೆಂಬರ್‌ನ ರೈಲು ಸ್ಫೋಟಗಳ ಆರೋಪ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತಿದ್ದ ಟಾಡಾ ಕಾಯಿದೆ ಆಗ ಜಾರಿಯಲ್ಲಿತ್ತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತಪ್ಪೊಪ್ಪಿಗೆಯನ್ನು ತಳ್ಳಿಹಾಕಿ ಆತನನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಇಪ್ಪತ್ತೆರಡು ವರ್ಷ ಮೀರಿತ್ತು. ಮಗನಿಗಾಗಿ ಕೋರ್ಟು ಅಲೆದ ತಂದೆ 2006ರಲ್ಲೇ ತೀರಿಕೊಂಡಿದ್ದರು. ಟಾಡಾ 1995ರಲ್ಲಿ ಕೊನೆಗೊಂಡಿತು ನಿಜ. ಆದರೆ "ಏನೂ ಮಾಡಿಲ್ಲದಿದ್ದರೆ ಭಯವೇಕೆ, ಹೇಳಿಬಿಡು" ಎನ್ನುವವರು ಆ ಮನೆಯನ್ನೊಮ್ಮೆ ನೆನೆಯಬೇಕು.

ಅಂಗಡಿಯವರ ವಿಷಯಕ್ಕೆ ಬರೋಣ. ಅವರು ತಪ್ಪಿದ್ದು ಠಾಣೆಯಲ್ಲಿ ಅಲ್ಲ, ಅದಕ್ಕೂ ಮೊದಲು, ಫೋನಿನಲ್ಲಿ. ದಾಂಪತ್ಯದಲ್ಲಿ ಗಂಡ ಹೆಂಡತಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆಯಿದೆ. ಕಕ್ಷಿದಾರ ವಕೀಲರಿಗೆ ಹೇಳಿದ ಮಾತಿಗೂ ಇದೆ. 1872ರ ಸಾಕ್ಷ್ಯ ಕಾಯಿದೆಯಲ್ಲೂ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಮಗ ತಂದೆಗೆ, ಮಗಳು ತಾಯಿಗೆ ಹೇಳಿದ ಮಾತಿಗೆ ಅಂಥ ರಕ್ಷಣೆ ಇಲ್ಲ. ಬಂಧನಕ್ಕೆ ಮೊದಲು ಫೋನಿನಲ್ಲಿ ಹೇಳಿದ್ದು, ಜಾಮೀನಿನ ಮೇಲೆ ಬಂದು ಅಡುಗೆಮನೆಯಲ್ಲಿ ಕೂತು ಹೇಳಿದ್ದು, ಎಲ್ಲವನ್ನೂ ತಂದೆ ತಾಯಿಯ ಬಾಯಿಂದಲೇ ಹೊರಡಿಸಬಹುದು. ಹೆತ್ತವರೊಡನೆ ಆಡಿದ ಮಾತನ್ನು ಯಾಕೆ ಹೀಗೆ ಬಯಲಲ್ಲಿ ಬಿಟ್ಟರೋ, ನನಗೆ ಅರ್ಥವಾಗಿಲ್ಲ.

ಮಗನ ತಪ್ಪು ತಿಳಿದ ತಂದೆ ಏನು ಮಾಡಬೇಕು? ಇದು ಹಳೆಯ ಪ್ರಶ್ನೆ. ಕುರಿ ಕದ್ದ ತಂದೆಯ ವಿರುದ್ಧ ಸಾಕ್ಷಿ ಹೇಳಿದ ಮಗನನ್ನು ಒಬ್ಬ ದೊರೆ ಹೊಗಳಿದಾಗ ಚೀನಾದ ಕನ್ಫ್ಯೂಶಿಯಸ್ ಒಪ್ಪಲಿಲ್ಲ. ತಂದೆ ಮಗನನ್ನು, ಮಗ ತಂದೆಯನ್ನು ಮರೆಮಾಡುವುದರಲ್ಲೇ ನೇರತನವಿದೆ ಎಂಬುದು ಆತನ ನಿಲುವು. ಕುರ್‌ಆನ್ ನಾಲ್ಕನೆಯ ಅಧ್ಯಾಯದಲ್ಲಿ ಇದಕ್ಕೆ ತೀರಾ ಬೇರೆಯಾದ ಮಾತನ್ನು ಹೇಳುತ್ತದೆ. ಸ್ವತಃ ತನ್ನ, ತನ್ನ ಹೆತ್ತವರ, ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಸಾಕ್ಷಿಯಾಗಿ ನಿಲ್ಲಬೇಕು ಎನ್ನುತ್ತದೆ. ಎರಡನ್ನೂ ಓದಿದ ನನಗೆ ಕುರ್‌ಆನಿನ ಮಾತೇ ಸರಿ ಎನಿಸುತ್ತದೆ. ಪೆಟ್ಟು ತಿಂದ ಹುಡುಗನಿಗೂ ಒಬ್ಬ ತಂದೆಯಿದ್ದಾನೆ. ಅವನಿಗೆ ಸಿಗಬೇಕಾದ ನ್ಯಾಯವನ್ನು ನನ್ನ ಮಮತೆ ನುಂಗಿಹಾಕಬಾರದು. ಆದರೆ ಸಾಕ್ಷಿ ಹೇಳಬೇಕಾದ ಕಾಲ ಬಂದಾಗ ಸುಳ್ಳು ಹೇಳಬಾರದು ಎಂಬುದಕ್ಕೂ, ನಾನೇ ಮುಂದಾಗಿ ಮಗನಿಂದ ಸಾಕ್ಷ್ಯ ಸಂಗ್ರಹಿಸಬೇಕು ಎಂಬುದಕ್ಕೂ ವ್ಯತ್ಯಾಸವಿದೆ. ತನಿಖೆ ಮಾಡಲು ಸರಕಾರ ಸಂಬಳ ಕೊಟ್ಟು ಜನರನ್ನು ಇಟ್ಟಿದೆ. ತಂದೆ ತಾಯಿಯ ಕೆಲಸ ಬೇರೆ.

ಆ ಕೆಲಸವೇನೆಂದು ತೋರಿಸಿಕೊಟ್ಟವರು ನೆರೆಯ ಕೇರಳದ ಈಚರ ವಾರಿಯರ್. ತುರ್ತುಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಹಿಡಿದೊಯ್ದರು. ನಕ್ಸಲರ ನಂಟಿನ ಶಂಕೆ. ಹಿಂದಿ ಪ್ರಾಧ್ಯಾಪಕರಾಗಿದ್ದ ತಂದೆ ಒಂದು ವರ್ಷ ಕಂಡ ಕಂಡ ಬಾಗಿಲು ತಟ್ಟಿದರು. 1977ರಲ್ಲಿ ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಆ ಅರ್ಜಿಯ ಸ್ವರೂಪವನ್ನು ಗಮನಿಸಿ. ಹುಡುಗ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಎಲ್ಲಿದ್ದಾನೆ, ನನ್ನ ಮುಂದೆ ತಂದು ನಿಲ್ಲಿಸಿ ಎಂದಷ್ಟೇ ಕೇಳುತ್ತದೆ. ರಾಜನ್ ಪೊಲೀಸ್ ವಶದಲ್ಲಿದ್ದದ್ದು ನಿಜವೆಂದು ಹೈಕೋರ್ಟ್ ಕಂಡುಕೊಂಡಿತು. ತುರ್ತುಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದು ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ 1977ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ರಾಜನ್ ಪೊಲೀಸ್ ಶಿಬಿರದಲ್ಲಿ ಸತ್ತಿದ್ದ. ದೇಹ ಸಿಗಲೇ ಇಲ್ಲ. ತಂದೆ 2006ರಲ್ಲಿ ತೀರಿಕೊಳ್ಳುವವರೆಗೂ ಅದೇ ಪ್ರಶ್ನೆ ಕೇಳುತ್ತಿದ್ದರು.

ಹಾಗಾದರೆ ಮೊದಲು ಕೇಳಬೇಕಾದದ್ದು ಇದು: ಎಲ್ಲಿದ್ದೀ ಮಗಾ? ಯಾವ ಠಾಣೆ? ಯಾರಾದರೂ ಹೊಡೆದರಾ? ಊಟ ಆಯಿತಾ? ಏನಕ್ಕಾದರೂ ಸಹಿ ಹಾಕಿದ್ದೀಯಾ? ಉಳಿದದ್ದನ್ನು ವಕೀಲರಿಗೆ ಹೇಳು, ನಾನು ಬರುತ್ತಿದ್ದೇನೆ. ಮಗ ತಾನಾಗಿ ಹೇಳಹೊರಟರೂ, "ಈಗ ಬೇಡ" ಎನ್ನುವುದಕ್ಕೆ ಗಟ್ಟಿ ಮನಸ್ಸು ಬೇಕು. ತಿಳಿಯದೆಯೂ ಜೊತೆಗೆ ನಿಲ್ಲುವುದು ತಿಳಿದು ಜೊತೆಗೆ ನಿಲ್ಲುವುದಕ್ಕಿಂತ ಕಷ್ಟ.

ಪೊಲೀಸರನ್ನು ಕೇಳಬೇಕಾದದ್ದೂ ಇದೆ, ಗದ್ದಲ ಮಾಡದೆ. ಬಂಧಿಸಿದ್ದೀರಾ ಅಥವಾ ನೋಟಿಸ್ ಕೊಟ್ಟು ವಿಚಾರಣೆಗೆ ಕರೆದಿದ್ದೀರಾ? ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನವೇ ಸಹಜ ಕ್ರಮವಾಗಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಬಂಧಿಸಿದ್ದರೆ ಕಾರಣವೇನು, ದಿನಾಂಕ ಮತ್ತು ವೇಳೆ ನಮೂದಿಸಿದ ಬಂಧನ ಪತ್ರ ಎಲ್ಲಿ? ಪಶ್ಚಿಮ ಬಂಗಾಳದ ಡಿ.ಕೆ. ಬಸು ಲಾಕಪ್ ಸಾವುಗಳ ಬಗ್ಗೆ ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನಿಂದ ಇದು ಕಡ್ಡಾಯವಾಯಿತು. ಅದಕ್ಕೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಸಹಿ ಹಾಕಬೇಕು. ವೇಳೆ ಬಹಳ ಮುಖ್ಯ. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಲೆಕ್ಕ ಶುರುವಾಗುವುದು ಅಲ್ಲಿಂದ. ವೈದ್ಯರ ಮುಂದೆಯೂ ಮ್ಯಾಜಿಸ್ಟ್ರೇಟರ ಮುಂದೆಯೂ, ಪೆಟ್ಟು ಬಿದ್ದಿದ್ದರೆ ಮುಚ್ಚಿಡಬೇಡ ಎಂದು ಮಗನಿಗೆ ಹೇಳಿ. ಇಲ್ಲಿ ಮಾತ್ರ ಮೌನ ಬೇಡ.

ಪಿಯುಸಿ ಓದುವವರಲ್ಲಿ ಹಲವರಿಗೆ ಹದಿನೆಂಟು ತುಂಬಿರುವುದಿಲ್ಲ. ಅಂಥವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದೇ ಹೊರಡಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಅಧೀರರಾಗಬೇಡಿ. ಬಂಧನದಲ್ಲಿರುವ ವ್ಯಕ್ತಿಗೆ ಉಚಿತ ಕಾನೂನು ನೆರವು 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹಕ್ಕು. ತಾಲೂಕು ನ್ಯಾಯಾಲಯಗಳ ಆವರಣದಲ್ಲೇ ಅದರ ಸಮಿತಿ ಇರುತ್ತದೆ.

ಇನ್ನು ಮಮತೆಯ ಹೆಸರಲ್ಲಿ ನಡೆಯುವ ತಪ್ಪುಗಳು. ಮಗನ ಮೊಬೈಲಿನಲ್ಲಿದ್ದುದನ್ನು ಅಳಿಸುವುದು, ಆವತ್ತು ಮನೆಯಲ್ಲೇ ಇದ್ದ ಎಂದು ಹೇಳುವುದು, ಅಜ್ಜಿಯ ಊರಿಗೆ ಕಳುಹಿಸಿ ಅಡಗಿಸುವುದು. ಅಪರಾಧಿಗೆ ಆಶ್ರಯ ಕೊಟ್ಟ ಗಂಡ ಅಥವಾ ಹೆಂಡತಿಯನ್ನು ಕಾನೂನು ಕ್ಷಮಿಸುತ್ತದೆ, ತಾಯಿಯನ್ನು ಕ್ಷಮಿಸುವುದಿಲ್ಲ. ಪೆಟ್ಟು ತಿಂದವರ ಮನೆಗೆ ಊರಿನ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ದೂರು ವಾಪಸ್ ಪಡೆಯಿರೆಂದು ಕೂರುವುದು ನಮ್ಮಲ್ಲಿ ಮರ್ಯಾದಸ್ಥರೇ ಮಾಡುವ ಕೆಲಸ. ಆಸ್ಪತ್ರೆಯಲ್ಲಿ ಮಗನನ್ನು ಮಲಗಿಸಿ ಬಂದವರಿಗೆ ಅದು ಬೆದರಿಕೆಯೇ. ಜಾಮೀನು ರದ್ದಾಗಲು ಅದೊಂದು ಸಾಕು.

ಅಂಗಡಿಯವರ ಪ್ರಕರಣ ಮೂರು ವರ್ಷ ನಡೆಯಿತು. ಕಟಕಟೆಗೆ ಹತ್ತುವ ಹಿಂದಿನ ರಾತ್ರಿ ನಮ್ಮ ಮನೆಗೆ ಬಂದಿದ್ದರು. "ನೆನಪಿಲ್ಲ ಅಂದುಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ ಸರ್" ಎಂದರು. ನಾನು ಏನೂ ಹೇಳಲಿಲ್ಲ. ಮರುದಿನ ಅವರು ಪ್ರಮಾಣ ಮಾಡಿ, ಮಗ ಫೋನಿನಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಹೇಳಿದರು. ಬೇರೆ ಸಾಕ್ಷಿಗಳೂ ಇದ್ದರು. ಹುಡುಗ ತಪ್ಪಿತಸ್ಥನೆಂದು ತೀರ್ಪಾಯಿತು. ಮೊದಲ ತಪ್ಪು, ಎಳೆಯ ವಯಸ್ಸು ಎಂದು ನ್ಯಾಯಾಧೀಶರು 1958ರ ಪ್ರೊಬೇಷನ್ ಕಾಯಿದೆಯ ಪ್ರಕಾರ ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡು ಬಿಟ್ಟರು. ಅವನು ಎರಡು ವರ್ಷ ತಂದೆಯೊಡನೆ ಮಾತಾಡಲಿಲ್ಲ. ಅವರು ಕಟಕಟೆಯಲ್ಲಿ ಮಾಡಿದ್ದು ಸರಿಯೆಂದೇ ನಾನು ನಂಬಿದ್ದೇನೆ. ಆ ಕಟಕಟೆಗೆ ಅವರು ಹತ್ತಬೇಕಾಗಿಯೇ ಇರಲಿಲ್ಲ ಎಂಬುದೂ ನನಗೆ ಗೊತ್ತು.

ಬಾಂಡಿನ ಅವಧಿ ಮುಗಿದ ಮೇಲೆ ತಂದೆ ಒಬ್ಬರೇ ಆ ಇನ್ನೊಬ್ಬ ಹುಡುಗನ ಊರಿಗೆ ಹೋಗಿ ಬಂದರಂತೆ. ಅವರು ಒಳಗೆ ಕರೆಯಲಿಲ್ಲ, ಜಗುಲಿಯಲ್ಲಿ ಕೂರಿಸಿ ಚಹಾ ಕೊಟ್ಟರು ಎಂದರು. ಈಗ ಮಗ ಸಂಜೆ ಹೊತ್ತು ಅಂಗಡಿಯಲ್ಲಿ ಕೂರುತ್ತಾನೆ. ನಾನು ಹೋದರೆ ಸಾಮಾನು ಕಟ್ಟಿಕೊಡುತ್ತಾನೆ, ಹೆಚ್ಚು ಮಾತಾಡುವುದಿಲ್ಲ.