ನಡುವಿನ ಕತ್ತಲೆ

ರಿಮೋಟ್ ಒತ್ತಿದರೆ ಟಿ.ವಿ. ಹತ್ತುತ್ತದೆ. ಅದರಲ್ಲಿ ಬೆರಗುಪಡುವಂಥದ್ದು ಯಾರಿಗೂ ಏನೂ ಕಾಣುವುದಿಲ್ಲ. ಹತ್ತದೆ ಹೋದಾಗ ಮಾತ್ರ ರಿಮೋಟಿನ ಬೆನ್ನಿಗೆರಡು ತಟ್ಟಿ, ಸೆಲ್ ಹೊರಳಿಸಿ, ಹೀಗೊಂದು ವಸ್ತು ಮನೆಯಲ್ಲಿದೆ ಎಂದು ನೆನೆಯುತ್ತೇವೆ. ಸೋಫಾದಿಂದ ಗೋಡೆಯವರೆಗೆ ದಿನವಿಡೀ ಬೆಳಕು ಏನನ್ನೋ ಹೇಳಿಕೊಂಡು ಓಡಾಡುತ್ತಿರುತ್ತದೆ. ಕಣ್ಣೆದುರೇ ಓಡಾಡುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಆ ಮಾತನ್ನು ಹಿಡಿಯಲು ಬೇಕಾದ ಸಾಮಾನೆಲ್ಲ ಒಂದು ಅಂಗೈಯಲ್ಲಿ ಹಿಡಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ‘ಟಿಎಸ್‌ಒಪಿ’ ಎಂದು ಕೇಳಿದರೆ ಮೂರು ಕಾಲಿನ, ಕಪ್ಪು ಮೈಯ ಪುಟ್ಟ ಗ್ರಾಹಕವೊಂದನ್ನು ಮುಂದಿಡುತ್ತಾರೆ. ಅದರ ಕಪ್ಪು ಪ್ಲಾಸ್ಟಿಕ್ ನಮಗೆ ಕಾಣುವ ಬೆಳಕನ್ನು ತಡೆದು, ಕಾಣದ ಅವಕೆಂಪನ್ನು ಒಳಗೆ ಬಿಡುತ್ತದೆ. ಎರಡು ಕಾಲಿಗೆ ಮೂರು ಪೆನ್ಸಿಲ್ ಸೆಲ್‌ಗಳ 4.5 ವೋಲ್ಟ್ ಕೊಡಿ. ಮೂರನೆಯ ಕಾಲಿನಿಂದ ದೊಡ್ಡ ಬೆಲೆಯ ಒಂದು ರೆಸಿಸ್ಟರ್ ಮೂಲಕ ಕಂಪ್ಯೂಟರಿನ ಮೈಕ್ ಕಿಂಡಿಗೆ ತಂತಿ ಎಳೆಯಿರಿ. ಆಡಾಸಿಟಿಯಂಥ ಧ್ವನಿಮುದ್ರಣ ತಂತ್ರಾಂಶ ತೆರೆದು ರಿಮೋಟ್ ಒತ್ತಿ. ಸ್ಪೀಕರಿನಲ್ಲಿ ‘ಬರ್ರ್’ ಎಂಬ ಸಣ್ಣ ಸದ್ದು, ಪರದೆಯ ಮೇಲೆ ಹಲ್ಲುಹಲ್ಲಾದ ಒಂದು ಗೆರೆ. ಅಷ್ಟು ಸಾಕು, ಬೆಳಕು ಕಿವಿಗೆ ಬಿತ್ತು.

ಗೆರೆಯನ್ನು ಹಿಗ್ಗಿಸಿ ನೋಡುವಾಗ ಬೆರಗು ಶುರುವಾಗುತ್ತದೆ. ಜಪಾನಿನ ಎನ್‌ಇಸಿ ಕಂಪನಿ ರೂಪಿಸಿದ ಸಂಕೇತಕ್ರಮ ಬಹಳಷ್ಟು ರಿಮೋಟ್‌ಗಳಲ್ಲಿದೆ. ಅದರಲ್ಲಿ ಮೊದಲು 9 ಮಿಲಿಸೆಕೆಂಡಿನ ಉದ್ದದ ಮಿಂಚು, ಆಮೇಲೆ 4.5 ಮಿಲಿಸೆಕೆಂಡ್ ಮೌನ. ‘ಕೇಳಿಸಿಕೋ’ ಎಂದು ಕರೆದು, ಕೇಳುವವನು ತಿರುಗಲೆಂದು ಕಾದ ಹಾಗೆ. ಬಳಿಕ 32 ಬಿಟ್‌ಗಳು, ಅಂದರೆ ಸೊನ್ನೆ ಮತ್ತು ಒಂದುಗಳು. ಒಂದಕ್ಕೆ ಉದ್ದ ಮಿಂಚು, ಸೊನ್ನೆಗೆ ಗಿಡ್ಡ ಮಿಂಚು ಇರಬಹುದು ಎಂದುಕೊಂಡು ಹುಡುಕಿದರೆ ಹಾಗೇನೂ ಇಲ್ಲ. ಎಲ್ಲ ಮಿಂಚುಗಳೂ ಒಂದೇ ಅಳತೆ: 562.5 ಮೈಕ್ರೋಸೆಕೆಂಡ್. ಬೇರೆಯಾಗುವುದು ಅವುಗಳ ನಡುವಿನ ಕತ್ತಲೆ. ಮಿಂಚಿನಷ್ಟೇ ಕತ್ತಲೆ ಬಂದರೆ ಸೊನ್ನೆ, ಅದರ ಮೂರು ಪಟ್ಟು ಬಂದರೆ ಒಂದು. ಹೇಳಬೇಕಾದ್ದೆಲ್ಲ ಇರುವುದು ಬೆಳಕಿಲ್ಲದ ಹೊತ್ತಿನಲ್ಲಿ. ತಾಳ ಹಾಕುವವರು ಇದನ್ನು ಬೇಗ ಒಪ್ಪಿಯಾರು. ಹುಸಿಗೆ, ಅಂದರೆ ಕೈ ತಟ್ಟದೆ ತಿರುಗಿಸುವ ಎಣಿಕೆಗೆ, ಸದ್ದಿಲ್ಲ; ಹಾಗೆಂದು ಅದನ್ನು ಬಿಟ್ಟರೆ ತಾಳವೇ ತಪ್ಪುತ್ತದೆ.

ಆ ಒಂದೊಂದು ಮಿಂಚೂ ಒಂದೇ ಮಿಂಚಲ್ಲ. ಸೆಕೆಂಡಿಗೆ 38,000 ಬಾರಿಯ ವೇಗದಲ್ಲಿ ಹತ್ತಿ ಆರುವ ಸುಮಾರು 21 ಮಿಣುಕುಗಳ ಗುಂಪು ಅದು. ಗ್ರಾಹಕ ಅವನ್ನೆಲ್ಲ ಒಟ್ಟುಗೂಡಿಸಿ ಒಂದೇ ಹಲ್ಲಾಗಿ ನಮಗೆ ಒಪ್ಪಿಸುತ್ತದೆ. ಇಷ್ಟು ಆತುರದ ಮಿಣುಕು ಏಕೆ ಎನ್ನುವುದಕ್ಕೆ ಒಂದು ಹಳೆಯ ಪಾಠವಿದೆ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜಿನ್ ಪಾಲಿ ತಂತಿಯಿಲ್ಲದ ರಿಮೋಟ್ ಮಾಡಿದರು. ಟಿ.ವಿ.ಯ ಮೂಲೆಗಳಿಗೆ ಟಾರ್ಚಿನಂತೆ ಬೆಳಕು ಬಿಡುವ ಸಾಧನ. ಕಿಟಕಿಯಿಂದ ಬಿಸಿಲು ಬಿದ್ದರೆ ಚಾನೆಲ್ ತಾನಾಗಿ ಬದಲಾಗುತ್ತಿತ್ತು. ಸೂರ್ಯನ ಕೈಗೂ ಒಂದು ರಿಮೋಟ್! ಮರುವರ್ಷವೇ ಅದೇ ಕಂಪನಿಯ ರಾಬರ್ಟ್ ಆ್ಯಡ್ಲರ್ ಬೆಳಕನ್ನು ಬಿಟ್ಟು ಶ್ರವಣಾತೀತ ಶಬ್ದಕ್ಕೆ ಹೋದರು. ಮುಂದೆ ಅವಕೆಂಪು ಬಂದಾಗ ಈ ಮಿಣುಕು ನೆರವಾಯಿತು. ಬಿಸಿಲು ಎಷ್ಟೇ ಪ್ರಖರವಾದರೂ ಸೆಕೆಂಡಿಗೆ 38,000 ಸಲ ನಡುಗುವುದಿಲ್ಲ. ಗ್ರಾಹಕ ಆ ನಡುಕವನ್ನಷ್ಟೇ ಹೆಕ್ಕಿಕೊಂಡು ಉಳಿದದ್ದನ್ನು ಕೇಳಿಯೂ ಕೇಳದಂತಿರುತ್ತದೆ.

ಸೂರ್ಯನಲ್ಲೂ ಅವಕೆಂಪಿದೆ ಎಂದು ಗೊತ್ತಾಗಿದ್ದು 1800ರಲ್ಲಿ. ಖಗೋಳಜ್ಞ ವಿಲಿಯಂ ಹರ್ಷಲ್ ಪ್ರಿಸಮ್ಮಿನಿಂದ ಬಿಸಿಲನ್ನು ಬಣ್ಣಗಳಾಗಿ ಹರಡಿ ಒಂದೊಂದರ ಶಾಖ ಅಳೆಯುತ್ತಿದ್ದರು. ಕೆಂಪಿನಾಚೆ, ಏನೂ ಕಾಣದ ಜಾಗದಲ್ಲಿಟ್ಟ ಥರ್ಮಾಮೀಟರ್ ಎಲ್ಲಕ್ಕಿಂತ ಹೆಚ್ಚು ಏರಿತು. ಏನೂ ಇಲ್ಲ ಎಂದುಕೊಂಡಲ್ಲಿ ಏನೋ ಇದೆಯೆಂದು ನಂಬಲು ಅವರಿಗೆ ಪಾದರಸ ಬೇಕಾಯಿತು. ನಮ್ಮ ಮಲೆನಾಡಿನ ಗುಳಿಮಂಡಲ ಹಾವಿಗೆ ಅದೂ ಬೇಡ. ಕಣ್ಣಿಗೂ ಮೂಗಿಗೂ ನಡುವಿನ ಗುಳಿಯಲ್ಲೇ ಅದು ಇಲಿಯ ಮೈಬಿಸಿಯನ್ನು ಹಿಡಿಯುತ್ತದೆ. ಅದು ರಿಮೋಟಿನ ಬೆಳಕಿಗಿಂತ ಬಹಳ ಉದ್ದನೆಯ ಅಲೆಯ ಅವಕೆಂಪು, ನಿಜ. ಆದರೂ ನನಗೆ ಹಾವಿನ ಮೇಲೆ ಸಣ್ಣದೊಂದು ಹೊಟ್ಟೆಕಿಚ್ಚಿದೆ.

ಮತ್ತೆ ಆ 32 ಬಿಟ್‌ಗಳಿಗೆ ಬರುತ್ತೇನೆ. ಅವುಗಳಲ್ಲಿ ಅರ್ಧ ಉಳಿದರ್ಧದ ತಿರುವುಮುರುವು. ಯಾವ ಸಾಧನಕ್ಕೆಂಬ ವಿಳಾಸ ಹೇಳಿದ ಮೇಲೆ ಅದನ್ನೇ ಸೊನ್ನೆಗೆ ಒಂದು, ಒಂದಕ್ಕೆ ಸೊನ್ನೆ ಮಾಡಿ ಇನ್ನೊಮ್ಮೆ. ಆಜ್ಞೆ ಹೇಳಿ ಅದನ್ನೂ ಹಾಗೆಯೇ ಇನ್ನೊಮ್ಮೆ. ಎರಡೂ ತಾಳೆಯಾದರೆ ಮಾತ್ರ ಟಿ.ವಿ. ನಂಬುತ್ತದೆ. ಸೊನ್ನೆ ಮತ್ತು ಒಂದುಗಳು ಯಾವಾಗಲೂ ಸಮನಾಗಿರುವುದರಿಂದ ಯಾವ ಗುಂಡಿ ಒತ್ತಿದರೂ ಸಂದೇಶ ಸುಮಾರು 68 ಮಿಲಿಸೆಕೆಂಡಿಗೇ ಮುಗಿಯುತ್ತದೆ. ಗುಂಡಿಯನ್ನು ಒತ್ತಿಯೇ ಹಿಡಿದರೆ ರಿಮೋಟ್ ಅದನ್ನೆಲ್ಲ ಮತ್ತೆ ಒದರುವುದಿಲ್ಲ. ಸುಮಾರು 110 ಮಿಲಿಸೆಕೆಂಡಿಗೊಮ್ಮೆ ‘ಅದೇ’ ಎಂದು ಚುಟುಕಾಗಿ ಹೇಳಿ ಸುಮ್ಮನಾಗುತ್ತದೆ. ಇಷ್ಟೊಂದು ಎಚ್ಚರ ವಹಿಸುವ ಈ ಸಾಧನಕ್ಕೆ, ತನ್ನ ಮಾತು ಯಾರಿಗಾದರೂ ಮುಟ್ಟಿತೇ ಎಂಬುದು ಮಾತ್ರ ಎಂದಿಗೂ ತಿಳಿಯದು. ಟಿ.ವಿ. ತಿರುಗಿ ಒಂದು ಮಿಣುಕನ್ನೂ ಕಳಿಸುವುದಿಲ್ಲ. ಖಾಲಿ ಗೋಡೆಗೂ ರಿಮೋಟ್ ಅಷ್ಟೇ ಶ್ರದ್ಧೆಯಿಂದ ತಿರುವುಮುರುವು ಸಮೇತ ಹೇಳಿ ಮುಗಿಸುತ್ತದೆ.

ಸಂಕೇತ ಓದಲೆಂದೇ ಕೊಂಡ ಸಾಧನದ ಪರದೆಯಲ್ಲಿ ಮೂಡುವ ಅಂಕಿಗಳನ್ನು ಓದುವುದಕ್ಕಿಂತ, ಮೈಕ್ ಕಿಂಡಿಯ ಈ ಒರಟು ಗೆರೆಯನ್ನು ಕಣ್ಣಾರೆ ಎಣಿಸಿ ಸೊನ್ನೆ–ಒಂದು ಬರೆದುಕೊಳ್ಳುವುದೇ ಮೇಲು ಎಂಬುದು ನನ್ನ ಪಕ್ಷ. ಮನೆಯ ಅಟ್ಟದ ಮೇಲೆ ಗತಿಸಿದ ಟಿ.ವಿ.ಯೊಂದರ ರಿಮೋಟ್ ಬಿದ್ದಿದ್ದರೆ ಅದರಿಂದಲೇ ಶುರುಮಾಡಿ. ಒಂದು ಎಚ್ಚರಿಕೆ: ಟಿಎಸ್‌ಒಪಿ 1738ರ ಕಾಲುಗಳ ಕ್ರಮವೇ ಬೇರೆ, 38238ರದ್ದೇ ಬೇರೆ. ಡೇಟಾಶೀಟ್ ನೋಡದೆ ಸೆಲ್ ಜೋಡಿಸಬೇಡಿ.